ಜೋಜಿ ಲಾ: ಕಾಯುವವರ ದಾರಿಯೋ, ದಾಟುವವರ ದಾರಿಯೋ?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಕೂತಿದ್ದಾಗ ಒಂದು ಸಣ್ಣ ಜಗಳವೇ ಆಗಿಹೋಯ್ತು. ಜಗಳ ಅಂದ್ರೆ ದೊಡ್ಡದೇನಲ್ಲ, ಅನ್ನ ಸಾರು ಮುಗಿದು ಮಜ್ಜಿಗೆ ಬರೋ ಅಷ್ಟರಲ್ಲಿ ಮುಗಿಯೋ ಅಂಥದ್ದು :-) ಗೆಳೆಯನೊಬ್ಬ ಮೊಬೈಲಿನಲ್ಲಿ ಜೋಜಿ ಲಾ ಸುರಂಗದ ಕೆಲಸದ ವಿಡಿಯೋ ತೋರಿಸ್ತಾ, "ಇದೊಂದು ಮುಗಿದರೆ ಮೇಲಿನ ಆ ಘಾಟಿಯ ಕಥೆ ಮುಗೀತು ಕಣೋ. ಅಷ್ಟಕ್ಕೂ ಅದು ಮಿಲಿಟರಿಯವರ ರಸ್ತೆ. ಅವರಿಗೆ ಬೇಕು, ಅವರು ಮಾಡ್ಕೋತಾರೆ" ಅಂದ. ನಾನು "ಹಾಗಲ್ಲ ಮಾರಾಯ" ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವನಿಗೆ ಮೀಟಿಂಗಿಗೆ ಹೊತ್ತಾಯ್ತು. ಅವನಿಗೆ ಹೇಳಬೇಕಾಗಿದ್ದು ನನ್ನ ಹೊಟ್ಟೆಯಲ್ಲೇ ಉಳಿದುಹೋಯ್ತು. ಅದನ್ನು ಇಲ್ಲಿ ಕಕ್ಕಿಕೊಳ್ತಾ ಇದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮೊದಲು ಹೆಸರಿನ ವಿಷಯ. 'ಲಾ' ಅಂದ್ರೆ ಲಡಾಖಿ, ಟಿಬೆಟನ್ ಭಾಷೆಗಳಲ್ಲಿ ಬೆಟ್ಟ ದಾಟುವ ಕಣಿವೆದಾರಿ ಅಂತಲೇ ಅರ್ಥ. ನಾಥು ಲಾ, ಖರ್ದುಂಗ್ ಲಾ, ಜೋಜಿ ಲಾ ಎಲ್ಲವೂ ಹಾಗೇ. ಹಾಗಾಗಿ ಪತ್ರಿಕೆಯವರು 'ಜೋಜಿ ಲಾ ಪಾಸ್' ಅಂತ ಬರೆದಾಗೆಲ್ಲ ನನಗೆ 'ಶಿರಾಡಿ ಘಾಟಿ ಘಾಟ್' ಅಂದ ಹಾಗೆ ಕೇಳಿಸುತ್ತೆ.

ಶಿರಾಡಿಯ ಹೆಸರು ಸುಮ್ಮನೆ ತಂದಿದ್ದಲ್ಲ. ನಮ್ಮೂರು ಪುತ್ತೂರಿನ ಕಡೆ. ಘಾಟಿ ಬಂದ್ ಆಗೋದು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್ ಮಳೆಗೆ ಶಿರಾಡಿಯಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚಿತ್ತಲ್ಲ, ಆಗ ಬೆಂಗಳೂರಿನಿಂದ ಊರಿಗೆ ಹೋಗೋಕೆ ಸುತ್ತು ಬಳಸಿ ಒದ್ದಾಡಿದ್ದು ಇನ್ನೂ ನೆನಪಿದೆ. ಆದರೆ ನಮಗೆ ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಚಾರ್ಮಾಡಿ ಮುಚ್ಚಿದರೆ ಇನ್ನೊಂದು. ಒಂದಲ್ಲ ಒಂದು ಬಾಗಿಲು ತೆರೆದೇ ಇರುತ್ತೆ. ಕಾರ್ಗಿಲ್ ಮತ್ತು ದ್ರಾಸ್‌ನವರಿಗೆ ಕಾಶ್ಮೀರದ ಕಡೆಗೆ ಇರೋದು ಒಂದೇ ಬಾಗಿಲು. ಆ ಬಾಗಿಲಿನ ಹೆಸರು ಜೋಜಿ ಲಾ.

ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ ನಾನೂ ಆ ದಾರಿಯಲ್ಲಿ ಹೋಗಿದ್ದೆ. ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿ.ಮೀ. ಅದರಲ್ಲಿ ನೂರು ಕಿ.ಮೀ. ಹೋದರೆ ಜೋಜಿ ಲಾ. ಸೋನಾಮಾರ್ಗ್ ದಾಟಿ ಬಾಲ್ತಾಲ್ ಹತ್ತಿರ ಬಂದರೆ ಎದುರಿಗೆ ಗೋಡೆಯ ಹಾಗೆ ಬೆಟ್ಟ. ಆ ಗೋಡೆಯ ಮೇಲೆ ಉಗುರಿನಿಂದ ಗೀರಿದಂತೆ ರಸ್ತೆ. ಹತ್ತಿದ ಮೇಲೆ ಆಶ್ಚರ್ಯ ಕಾದಿತ್ತು. ಆ ಕಡೆ ಇಳಿಜಾರೇ ಇಲ್ಲ ಅನ್ನಬಹುದು! ನಮ್ಮ ಪಶ್ಚಿಮ ಘಟ್ಟದ ಹಾಗೇ: ಕರಾವಳಿ ಕಡೆಯಿಂದ ಕಡಿದಾದ ಏರು, ಹತ್ತಿದ ಮೇಲೆ ಸಕಲೇಶಪುರದ ಎತ್ತರದ ನೆಲ. ಇಲ್ಲೂ ಕಾಶ್ಮೀರದ ಕಡೆ ಕಡಿದಾದ ಏರು, ಆಮೇಲೆ ಮೆಲ್ಲಗೆ ಇಳಿಯುವ ಕಣಿವೆ. ಮಳೆಯ ಲೆಕ್ಕವೂ ಹಾಗೇ. ಈ ಕಡೆ ಪೈನ್ ಕಾಡು, ಹಸಿರು. ಆ ಕಡೆ ಮರವೇ ಇಲ್ಲದ ಬೋಳು ಬೆಟ್ಟ.

ಜೋಜಿ ಲಾ ಎತ್ತರ ಸುಮಾರು 11,575 ಅಡಿ. ಲಡಾಖಿಗೆ ಹೋಗಿ ಬಂದವರು "ಅಷ್ಟೇನಾ?" ಅಂತಾರೆ. ನಿಜ, ಮುಂದೆ ಅದೇ ರಸ್ತೆಯಲ್ಲಿ ಬರೋ ಫೋಟು ಲಾ ಇದಕ್ಕಿಂತ ಎತ್ತರ. ಆದರೆ ಕಷ್ಟ ಎತ್ತರದ್ದಲ್ಲ, ಹಿಮದ್ದು. ಪಶ್ಚಿಮದಿಂದ ಬರೋ ಚಳಿಗಾಲದ ಮೋಡಗಳು ತಮ್ಮ ಹೊರೆಯನ್ನೆಲ್ಲ ಇಳಿಸಿ ಹಗುರ ಆಗೋದು ಈ ಮೊದಲ ಬೆಟ್ಟದ ಸಾಲಿನ ಮೇಲೆ. ದಾಟಿ ಹೋದ ಮೇಲೆ ಮೋಡದಲ್ಲಿ ಉಳಿಯೋದು ಸ್ವಲ್ಪವೇ. ಹಾಗಾಗಿ ಇರುವ ದಾರಿಗಳಲ್ಲಿ ತಗ್ಗಾಗಿರೋ ಬಾಗಿಲಿಗೇ ಜಾಸ್ತಿ ಹಿಮದ ಬೀಗ. ಪ್ರಕೃತಿಯ ತಮಾಷೆ ನೋಡಿ.

ಅಲ್ಲಿ ಒಂದು ಹೊತ್ತಿಗೆ ಒಂದು ದಿಕ್ಕಿನ ವಾಹನಗಳನ್ನು ಮಾತ್ರ ಬಿಡ್ತಾ ಇದ್ದರು. ನಮ್ಮ ಸರದಿಗೆ ಮೂರು ಗಂಟೆ ಕಾಯಬೇಕಾಯ್ತು. ಟೀ ಅಂಗಡಿ ಅಂತ ಒಂದು ಟಾರ್ಪಾಲಿನ ಗೂಡು. ಅಲ್ಲಿ ಕಾರ್ಗಿಲ್ ಕಡೆಯ ಒಬ್ಬ ಲಾರಿ ಡ್ರೈವರ್ ಸಿಕ್ಕ. ನನ್ನ ಹರುಕು ಹಿಂದಿಯಲ್ಲಿ ಮಾತಾಡಿಸಿದೆ. "ಲೋಡ್ ಏನಿದೆ?" ಅಂದೆ. ಈರುಳ್ಳಿ, ಎಣ್ಣೆ, ಬಿಸ್ಕತ್ತು, ಸಿಮೆಂಟು ಅಂತ ಏನೇನೋ ಹೇಳಿದ. "ವಾಪಸ್ ಬರುವಾಗ?" ಅಂದೆ. ಅವನು ನಕ್ಕು ಎರಡೂ ಕೈ ಖಾಲಿ ಮಾಡಿ ತೋರಿಸಿದ.

ಆ ಖಾಲಿ ಕೈ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಯಾಕೆ ಅಂದ್ರೆ, ಈ ದಾರಿ ಹುಟ್ಟಿದ್ದು ಖಾಲಿ ಲಾರಿಗಾಗಿ ಅಲ್ಲ.

* * *

ಈ ದಾರಿಯ ಹಳೆಯ ಸರಕು ಯಾವುದು ಗೊತ್ತಾ? ಉಣ್ಣೆ. ಅದೂ ಎಂಥ ಉಣ್ಣೆ! ಲಡಾಖಿನ ಪೂರ್ವಕ್ಕಿರುವ ಚಾಂಗ್‌ತಾಂಗ್ ಮತ್ತು ಪಶ್ಚಿಮ ಟಿಬೆಟ್ಟಿನ ಬಯಲಿನಲ್ಲಿ ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಮೇಯೋ ಮೇಕೆಗಳ ಮೈಯಲ್ಲಿ, ಹೊರಗಿನ ಒರಟು ಕೂದಲಿನ ಕೆಳಗೆ ಚಳಿಗಾಲಕ್ಕೆ ಬೆಳೆಯೋ ಮೆತ್ತನೆಯ ಎಳೆ. ಅದಕ್ಕೆ ಪಶ್ಮ್ ಅಂತಾರೆ, ಅದರಿಂದ ಪಶ್ಮೀನಾ. ಕಾಶ್ಮೀರಿ ಶಾಲು ಅಂತ ಜಗತ್ತೆಲ್ಲ ಕೊಂಡಾಡಿದ್ದರ ಕಚ್ಚಾ ಮಾಲು ಕಾಶ್ಮೀರದ್ದಲ್ಲ! ಲೇಹ್‌ಗೆ ಬಂದು, ಅಲ್ಲಿಂದ ಕುದುರೆ, ಹೇಸರಗತ್ತೆ, ಹಮಾಲರ ಬೆನ್ನೇರಿ ಜೋಜಿ ಲಾ ಇಳಿದು ಶ್ರೀನಗರದ ಮಗ್ಗಗಳಿಗೆ ಹೋಗ್ತಾ ಇತ್ತು. ಶ್ರೀನಗರದ ಸಾವಿರಾರು ನೇಕಾರರ ಹೊಟ್ಟೆ ಈ ಕಣಿವೆದಾರಿಯ ಮೇಲೆ ನಿಂತಿತ್ತು.

ಇದು ಎಷ್ಟು ದೊಡ್ಡ ವಿಷಯವಾಗಿತ್ತು ಅಂದ್ರೆ, ರಾಜರ ಒಪ್ಪಂದಗಳಲ್ಲೂ ಇದೇ ಇರುತ್ತಿತ್ತು. 1679ರಿಂದ 1684ರವರೆಗೆ ಲಡಾಖಿಗೂ ಟಿಬೆಟ್ಟಿಗೂ ಯುದ್ಧ ಆಯ್ತು. ಲಡಾಖ್ ಸೋಲುವ ಹಂತಕ್ಕೆ ಬಂದಾಗ ಕಾಶ್ಮೀರದಲ್ಲಿದ್ದ ಮೊಗಲರು ಸೈನ್ಯ ಕಳಿಸಿದರು. 1684ರಲ್ಲಿ ಟಿಂಗ್ಮೊಸ್ಗಾಂಗ್‌ನಲ್ಲಿ ಒಪ್ಪಂದ ಆಯ್ತು. ಅದರಲ್ಲಿ ಗಡಿಯ ಜೊತೆ ಏನು ಬಂತು ಹೇಳಿ? ಪಶ್ಚಿಮ ಟಿಬೆಟ್ಟಿನ ಪಶ್ಮ್ ಲಡಾಖಿಗೇ ಬರಬೇಕು, ಲಡಾಖಿನಿಂದ ಕಾಶ್ಮೀರದ ವ್ಯಾಪಾರಿಗಳ ಕೈಗೇ ಹೋಗಬೇಕು ಅನ್ನುವ ಏರ್ಪಾಟು. ಫಿರಂಗಿ ಹಿಡಿದವರು ಕೊನೆಗೆ ಕೂತು ಬರೆದಿದ್ದು ಉಣ್ಣೆಯ ಲೆಕ್ಕ. ವ್ಯಾಪಾರ ಬೇರೆ, ರಕ್ಷಣೆ ಬೇರೆ ಅನ್ನುವ ನನ್ನ ಗೆಳೆಯನಂಥವರಿಗೆ ಮುನ್ನೂರು ವರ್ಷಗಳ ಹಿಂದಿನ ಆ ಜನ ಉತ್ತರ ಕೊಟ್ಟಾಗಿದೆ.

ಬರೀ ಉಣ್ಣೆ ಮಾತ್ರ ಅಲ್ಲ. ಲೇಹ್ ಅಂದ್ರೆ ಆಗ ನಾಲ್ಕು ರಸ್ತೆ ಕೂಡುವ ಪೇಟೆ. ಉತ್ತರಕ್ಕೆ ಕಾರಕೋರಂ ದಾಟಿ ಯಾರ್ಕಂದ್, ಕಾಶ್ಗರ್. ಪೂರ್ವಕ್ಕೆ ಲಾಸಾ. ದಕ್ಷಿಣಕ್ಕೆ ಕುಲ್ಲು, ಪಂಜಾಬ್. ಪಶ್ಚಿಮಕ್ಕೆ ಜೋಜಿ ಲಾ ಮೂಲಕ ಶ್ರೀನಗರ. ಯಾರ್ಕಂದದಿಂದ ಕಂಬಳಿ, ರೇಷ್ಮೆ, ನಮ್ದಾ, ಚರಸ್ ಬರ್ತಾ ಇತ್ತು. ಇಲ್ಲಿಂದ ಬಟ್ಟೆ, ಮಸಾಲೆ, ನೀಲಿ ಬಣ್ಣ ಹೋಗ್ತಾ ಇತ್ತು. ಇಟಲಿಯ ಪಾದ್ರಿ ಇಪ್ಪೊಲಿತೊ ದೆಸಿದೇರಿ 1715ರಲ್ಲಿ ಶ್ರೀನಗರದಿಂದ ಲೇಹ್‌ಗೆ, ಅಲ್ಲಿಂದ ಲಾಸಾಗೆ ಹೋಗಿದ್ದು ಇದೇ ದಾರಿಯಲ್ಲಿ. ಅದಕ್ಕೂ ಮುಂಚೆ, ಹದಿನಾರನೇ ಶತಮಾನದಲ್ಲಿ ಮಿರ್ಜಾ ಹೈದರ್ ದುಘ್ಲತ್ ಕಾಶ್ಗರದ ಸೈನ್ಯ ಕಟ್ಟಿಕೊಂಡು ಲಡಾಖಿನಿಂದ ಕಾಶ್ಮೀರಕ್ಕೆ ಇಳಿದಿದ್ದೂ ಇದೇ ಬಾಗಿಲಿನಿಂದ. ವ್ಯಾಪಾರಿಯ ಕುದುರೆ ಹೋಗುವ ದಾರಿಯಲ್ಲೇ ದಂಡಿನ ಕುದುರೆಯೂ ಹೋಗುತ್ತೆ. ಹೊಸ ದಾರಿಯನ್ನು ಸೈನ್ಯ ಹುಡುಕೋದು ಅಪರೂಪ. ಹುಲ್ಲು, ನೀರು, ತಂಗುವ ಜಾಗ ಎಲ್ಲಿದೆ ಅಂತ ವ್ಯಾಪಾರಿ ಕಂಡುಕೊಂಡಿರ್ತಾನೆ. ಸೈನ್ಯ ಅವನ ಹೆಜ್ಜೆ ಹಿಡಿದು ಬರುತ್ತೆ.

ಕಾರ್ಗಿಲ್ ಪೇಟೆಯಲ್ಲಿ ಮುನ್ಷಿ ಅಜೀಜ್ ಭಟ್ ಅನ್ನುವ ವ್ಯಾಪಾರಿಯ ಹೆಸರಿನಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆ. ಅವರು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಸರಾಯಿ ನಡೆಸುತ್ತಿದ್ದವರು. ಸರಾಯಿ ಅಂದ್ರೆ ಕುಡಿಯೋದಲ್ಲ ಮತ್ತೆ, ಛತ್ರ :-) ಆ ಹಳೆಯ ಸರಾಯಿಯಲ್ಲಿ ಉಳಿದಿದ್ದ ಸಾಮಾನುಗಳನ್ನು ಅವರ ಮನೆಯವರೇ ಜೋಡಿಸಿಟ್ಟಿದ್ದಾರೆ. ಕುದುರೆಯ ಜೀನು, ಕಂಬಳಿ, ನಾಣ್ಯ, ಬಟ್ಟೆ... ಕಾರ್ಗಿಲ್ ಅಂದ ಕೂಡಲೇ ನಮಗೆ ಬೋಫೋರ್ಸ್ ತೋಪು ನೆನಪಾಗುತ್ತೆ. ಅಲ್ಲಿಯ ಜನ ತೋರಿಸೋಕೆ ಇಷ್ಟಪಡೋದು ಕುದುರೆಯ ಜೀನನ್ನು. ಕಾರ್ಗಿಲ್ಲಿನಿಂದ ಶ್ರೀನಗರ, ಲೇಹ್, ಸ್ಕರ್ದು ಮೂರೂ ಹತ್ತಿರ ಹತ್ತಿರ ಇನ್ನೂರು ಕಿ.ಮೀ. ದೂರ. ಹಾಗೆ ನಟ್ಟನಡುವೆ ಇದ್ದಿದ್ದಕ್ಕೇ ಅದು ಊರಾಗಿದ್ದು.

* * *

ಇನ್ನು ಗೆಳೆಯ ಹೇಳಿದ ಮಿಲಿಟರಿ ಕಥೆ. ಅದನ್ನು ನಾನು ಕಡಿಮೆ ಮಾಡ್ತಾ ಇಲ್ಲ. ಅದರಲ್ಲಿ ನಮ್ಮವರ ಪಾಲೂ ಇದೆ.

1948ರಲ್ಲಿ ಗಿಲ್ಗಿಟ್ ಕಡೆಯಿಂದ ಬಂದವರು ದ್ರಾಸ್, ಕಾರ್ಗಿಲ್ ಹಿಡಿದರು. ಬೇಸಿಗೆಯ ಹೊತ್ತಿಗೆ ಜೋಜಿ ಲಾ ಕೂಡ ಕೈತಪ್ಪಿತು. ಲೇಹ್ ಒಂಟಿಯಾಯ್ತು. ಅದಕ್ಕೂ ಮುಂಚೆ ಫೆಬ್ರವರಿಯ ಹಿಮದಲ್ಲೇ ಲಾಹೌಲಿನ ಪೃಥಿಚಂದ್ ಒಂದು ಚಿಕ್ಕ ತಂಡ ಕಟ್ಟಿಕೊಂಡು ಬಂದೂಕು ಹೊರಿಸಿಕೊಂಡು ಜೋಜಿ ಲಾ ದಾಟಿ ಮಾರ್ಚಿನಲ್ಲಿ ಲೇಹ್ ಸೇರಿದ್ದರು. ಅವರು ಹೋಗಿ ಅಲ್ಲಿಯ ಜನರಿಗೆ ಧೈರ್ಯ ಹೇಳಿ, ತರಬೇತಿ ಕೊಡದಿದ್ದರೆ ಲೇಹ್ ಏನಾಗುತ್ತಿತ್ತೋ. ಮೇ 24ಕ್ಕೆ ಮೆಹರ್ ಸಿಂಗ್ ಅನ್ನುವ ವಾಯುಪಡೆಯ ಅಧಿಕಾರಿ ಲೇಹ್‌ನ ಮರಳಿನ ಮೇಲೆ ಡಕೋಟಾ ವಿಮಾನ ಇಳಿಸಿದರು. ಆ ವಿಮಾನದಲ್ಲಿದ್ದವರು ಮೇಜರ್ ಜನರಲ್ ತಿಮ್ಮಯ್ಯ. ಹೌದು, ಮಡಿಕೇರಿಯ ನಮ್ಮ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಆದರೆ ವಿಮಾನದಲ್ಲಿ ಎಷ್ಟು ಅಕ್ಕಿ ಒಯ್ಯಬಹುದು, ಎಷ್ಟು ಗುಂಡು ಒಯ್ಯಬಹುದು? ಚಳಿಗಾಲದ ಒಳಗೆ ರಸ್ತೆ ತೆರೆಯಲೇಬೇಕಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ವಿಫಲವಾಯ್ತು. ಎದುರಿನ ಗುಹೆಗಳಲ್ಲಿ, ಬಂಡೆಗಳ ಸಂದಿಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕೂತವರನ್ನು ಬರಿಯ ಬಂದೂಕಿನಿಂದ ಅಲ್ಲಾಡಿಸೋಕೆ ಆಗಲಿಲ್ಲ. ಆಗ ತಿಮ್ಮಯ್ಯ ಯಾರೂ ನಂಬದ ಕೆಲಸಕ್ಕೆ ಕೈ ಹಾಕಿದರು. ಆ ಎತ್ತರಕ್ಕೆ ಟ್ಯಾಂಕ್ ತರೋದು! ಜಮ್ಮು ಕಡೆಯಿಂದ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಬಿಚ್ಚಿ, ಮೇಲಿನ ಗೋಪುರ ಬೇರೆ ಮಾಡಿ, ಮುಸುಕು ಹಾಕಿ ಗುಟ್ಟಾಗಿ ಬಾಲ್ತಾಲ್‌ಗೆ ತಂದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಅದನ್ನು ಟ್ಯಾಂಕ್ ಹತ್ತುವ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಎಂಇಜಿ ಅಂತ ಬೋರ್ಡ್ ನೋಡಿರ್ತೀರಲ್ಲ, ಅವರೇ. ಆ ಕಡೆ ಬಸ್ಸಿನಲ್ಲಿ ಹೋಗುವಾಗ ಇನ್ನು ಮೇಲೆ ಒಮ್ಮೆ ನೆನಪು ಮಾಡಿಕೊಳ್ಳಿ.

1948ರ ನವೆಂಬರ್ 1. ಹಿಮ ಬೀಳ್ತಾ ಇತ್ತು. ಟ್ಯಾಂಕ್‌ಗಳು ಮೇಲೆ ಹತ್ತಿ ಬಂದಿದ್ದನ್ನು ನೋಡಿ ಎದುರಿನವರಿಗೆ ದಿಕ್ಕೇ ತೋಚಲಿಲ್ಲ. ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ಅಂದು ಜೋಜಿ ಲಾ, ನವೆಂಬರ್ ಮಧ್ಯಕ್ಕೆ ದ್ರಾಸ್, ತಿಂಗಳು ಮುಗಿಯೋದರೊಳಗೆ ಕಾರ್ಗಿಲ್. ಜೋಜಿ ಲಾ ಗೆದ್ದು ಸರಿಯಾಗಿ ಎರಡು ತಿಂಗಳಿಗೆ, 1949ರ ಜನವರಿ 1ಕ್ಕೆ ಕದನ ವಿರಾಮ. ಯಾರು ಎಲ್ಲಿ ನಿಂತಿದ್ದರೋ ಅಲ್ಲೇ ಗೆರೆ ಬಿತ್ತು. ಅಂದ್ರೆ ಆ ಘಾಟಿ ಇನ್ನೊಂದು ಚಳಿಗಾಲ ಮುಚ್ಚೇ ಇದ್ದಿದ್ದರೆ ಲಡಾಖಿನ ನಕ್ಷೆ ಬೇರೆಯದೇ ಇರುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ನಾವು ಈ ಕಥೆ ಹೇಳುವಾಗ ಟ್ಯಾಂಕ್ ಹತ್ತಿದ್ದನ್ನು ಹೇಳಿ ಚಪ್ಪಾಳೆ ತಟ್ಟಿ ನಿಲ್ಲಿಸುತ್ತೇವೆ. ನನಗೆ ಕಾಡೋದು ಆಮೇಲಿನದ್ದು. ಗೆರೆ ಬಿದ್ದ ಮೇಲೆ ಕಾರ್ಗಿಲ್-ಸ್ಕರ್ದು ರಸ್ತೆ ಮುಚ್ಚಿತು. ಅದೇ 1949ರಲ್ಲಿ ಯಾರ್ಕಂದ, ಕಾಶ್ಗರಗಳು ಕಮ್ಯುನಿಸ್ಟ್ ಚೀನಾದ ಕೈಗೆ ಹೋಗಿ ಉತ್ತರದ ವ್ಯಾಪಾರ ನಿಂತಿತು. ಐವತ್ತರ ದಶಕದಲ್ಲಿ ಟಿಬೆಟ್ಟಿನ ವ್ಯಾಪಾರ ಕರಗುತ್ತಾ ಬಂದು 1962ರ ಯುದ್ಧಕ್ಕೆ ಪೂರ್ತಿ ಮುಗಿಯಿತು. ನಾಲ್ಕು ರಸ್ತೆ ಕೂಡುವ ಪೇಟೆ ಹತ್ತು ಹದಿನೈದು ವರ್ಷದಲ್ಲಿ ರಸ್ತೆಯ ಕೊನೆಯ ಊರಾಗಿಹೋಯ್ತು. ಅರವತ್ತರ ದಶಕದಲ್ಲಿ ಮೋಟಾರು ರಸ್ತೆ ಬಂತು, ಲಾರಿ ಬಂತು. ಆದರೆ ಲಾರಿಯಲ್ಲಿ ಎಲ್ಲವೂ ಒಳಗೇ ಹೋಗತೊಡಗಿತು. ಹೊರಗೆ ಬರೋಕೆ ಹೆಚ್ಚೇನೂ ಉಳಿದಿರಲಿಲ್ಲ.

ಟೀ ಅಂಗಡಿಯ ಆ ಖಾಲಿ ಕೈಗೆ ಎಪ್ಪತ್ತು ವರ್ಷದ ಕಥೆ ಇದೆ.

* * *

"ಸರಿ, ಅದೆಲ್ಲ ಹಳೇದು. ಈಗ ವ್ಯಾಪಾರಕ್ಕೂ ರಕ್ಷಣೆಗೂ ಏನು ಸಂಬಂಧ?" ಅಂತ ನೀವು ಕೇಳಬಹುದು. ನನ್ನ ಉತ್ತರ ಒಂದೇ ಹೆಸರು. ತಾಶಿ ನಮ್ಗ್ಯಾಲ್.

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ನುಸುಳಿ ಬಂದವರನ್ನು ಮೊದಲು ಕಂಡು ಸೈನ್ಯಕ್ಕೆ ಹೇಳಿದವರಲ್ಲಿ ಒಬ್ಬರು ಗಾರ್ಕೋನ್ ಹಳ್ಳಿಯ ಈ ಕುರಿಗಾಹಿ. ತಪ್ಪಿಸಿಕೊಂಡ ಯಾಕ್ ಹುಡುಕಿಕೊಂಡು ಬೆಟ್ಟಕ್ಕೆ ಹೋಗಿದ್ದರು. ದುರ್ಬೀನಿನಲ್ಲಿ ನೋಡಿದರೆ ಯಾರೋ ಅಪರಿಚಿತರು ಬಂಡೆ ಸರಿಸುತ್ತಿದ್ದಾರೆ. ಕೆಳಗೆ ಬಂದು ಹೇಳಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನುಸುಳಿ ಬಂದವರ ಉದ್ದೇಶ ಏನಾಗಿತ್ತು? ತೋಲೋಲಿಂಗ್, ಟೈಗರ್ ಹಿಲ್ ಮೇಲೆ ಕೂತು ಶ್ರೀನಗರ-ಲೇಹ್ ರಸ್ತೆಯ ಮೇಲೆ ಗುಂಡು ಹಾರಿಸಿ ಅದನ್ನು ಕತ್ತರಿಸೋದು. ಅಂದ್ರೆ ಮತ್ತೆ ಅದೇ ದಾರಿ. ಆ ಸಂಚನ್ನು ಮೊದಲು ಕಂಡದ್ದು ತನ್ನ ದನ ಹುಡುಕಿ ಹೊರಟ ಒಬ್ಬ ರೈತ.

ಆ ಹಳ್ಳಿಯಲ್ಲಿ ಬದುಕು ಸಾಗದೆ ತಾಶಿ ನಮ್ಗ್ಯಾಲ್ ಲೇಹ್‌ಗೋ ಜಮ್ಮುವಿಗೋ ಕೂಲಿಗೆ ಹೋಗಿಬಿಟ್ಟಿದ್ದರೆ? ಯಾಕೂ ಇರುತ್ತಿರಲಿಲ್ಲ, ಹುಡುಕುವವರೂ ಇರುತ್ತಿರಲಿಲ್ಲ. ಜನ ಇರುವ ಗಡಿಯೇ ಗಟ್ಟಿ ಗಡಿ. ಜನ ಇರಬೇಕಾದರೆ ಫೆಬ್ರವರಿಯಲ್ಲಿ ತರಕಾರಿ ಸಿಗಬೇಕು, ಹೆರಿಗೆ ನೋವು ಬಂದ ಹೆಂಗಸನ್ನು ಆಸ್ಪತ್ರೆಗೆ ಒಯ್ಯೋಕೆ ಆಗಬೇಕು, ಬೆಳೆದ ಹಣ್ಣಿಗೆ ಪೇಟೆ ಸಿಗಬೇಕು. ನನ್ನ ಗೆಳೆಯ ಯಾವುದನ್ನು 'ಮಿಲಿಟರಿಯವರ ವಿಷಯ' ಅಂತ ಬದಿಗೆ ಇಟ್ಟನೋ ಅದರ ಬೇರು ಇಲ್ಲಿದೆ. ವ್ಯಾಪಾರ ಸತ್ತ ಕಣಿವೆಯನ್ನು ಸೈನ್ಯ ಒಂದೇ ಎಷ್ಟು ದಿನ ಕಾಯುತ್ತೆ?

ಸುರಂಗ ಬೇಡ ಅನ್ನೋ ಜಾತಿಯವನಲ್ಲ ನಾನು. ಬೇಕೇ ಬೇಕು. ಕೆಲವು ದಶಕಗಳ ಹಿಂದೆ ಜೋಜಿ ಲಾ ವರ್ಷಕ್ಕೆ ಹತ್ತಿರ ಹತ್ತಿರ ಆರು ತಿಂಗಳು ಮುಚ್ಚಿರುತ್ತಿತ್ತು. ಬಾರ್ಡರ್ ರೋಡ್ಸ್‌ನವರು ಎರಡೂ ಕಡೆಯಿಂದ ಹಿಮ ಕಡಿಯುತ್ತಾ ಬಂದು ನಡುವೆ ಸಂಧಿಸುತ್ತಾರೆ. ಕಾಶ್ಮೀರದ ಕಡೆಯಿಂದ ಬೀಕನ್, ಲಡಾಖ್ ಕಡೆಯಿಂದ ವಿಜಯಕ್. ಅವರ ಶ್ರಮದಿಂದ 2023ರಲ್ಲಿ ಮುಚ್ಚಿದ್ದು 68 ದಿನ, 2024ರಲ್ಲಿ 35 ದಿನ, 2025ರಲ್ಲಿ 32 ದಿನ ಮಾತ್ರ. ಇದನ್ನು ಓದುವಾಗ ಸಲೀಸು ಅನ್ನಿಸುತ್ತೆ. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಮೇಲಿನಿಂದ ಯಾವಾಗ ಹಿಮ ಜಾರುತ್ತೋ ಗೊತ್ತಿಲ್ಲದ ಜಾಗದಲ್ಲಿ ಡೋಜರ್ ಮೇಲೆ ಕೂತವನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಟ್ಯಾಂಕ್ ಹತ್ತಿಸಿದವರಿಗೆ ಹಾಕಿದ ಸಲಾಮಿನಲ್ಲಿ ಅರ್ಧ ಇವರಿಗೂ ಸಲ್ಲಬೇಕು.

ಸೋನಾಮಾರ್ಗ್‌ವರೆಗೆ ವರ್ಷವಿಡೀ ಹೋಗೋಕೆ ಮಾಡಿದ 6.5 ಕಿ.ಮೀ. ಸುರಂಗ 2025ರ ಜನವರಿ 13ರಂದು ಉದ್ಘಾಟನೆ ಆಯ್ತು. ಅದಕ್ಕೂ ಮೂರು ತಿಂಗಳ ಮುಂಚೆ, 2024ರ ಅಕ್ಟೋಬರ್ 20ರ ಸಂಜೆ, ಗಗನ್‌ಗೀರ್‌ನಲ್ಲಿ ಆ ಸುರಂಗದ ಕೆಲಸಗಾರರ ಶಿಬಿರದ ಮೇಲೆ ಉಗ್ರರು ಗುಂಡು ಹಾರಿಸಿ ಏಳು ಜನರನ್ನು ಕೊಂದರು. ಒಬ್ಬರು ಡಾಕ್ಟರ್, ಉಳಿದವರು ಕೆಲಸಕ್ಕೆ ಬಂದವರು. ದಾರಿ ತೆರೆಯುವವರು ಯಾಕೆ ಗುರಿಯಾಗುತ್ತಾರೆ ಅಂತ ಯೋಚಿಸಿದರೆ ಆ ದಾರಿಯ ಬೆಲೆ ಗೊತ್ತಾಗುತ್ತೆ. ಇನ್ನು ಜೋಜಿ ಲಾ ಕೆಳಗಿನ ದೊಡ್ಡ ಸುರಂಗ, ಬಾಲ್ತಾಲ್‌ನಿಂದ ಮಿನಾಮಾರ್ಗ್‌ಗೆ, 13 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. 2018ರಲ್ಲಿ ಅಡಿಗಲ್ಲು ಬಿತ್ತು, 2020ರ ಅಕ್ಟೋಬರಿನಲ್ಲಿ ಮೊದಲ ಸ್ಫೋಟ ಆಯ್ತು. ಸಂಚಾರಕ್ಕೆ ತೆರೆದ ಮೇಲೆ ಗಂಟೆಗಟ್ಟಲೆ ಹಿಡಿಯುವ ಘಾಟಿಯನ್ನು ಇಪ್ಪತ್ತು ನಿಮಿಷದಲ್ಲಿ ದಾಟಬಹುದಂತೆ. ಹಾಗಾಗಲಿ.

ನನ್ನ ತಕರಾರು ಇರೋದು ನಾವು ಅದನ್ನು ಅಳೆಯುವ ಅಳತೆಗೋಲಿನ ಬಗ್ಗೆ. ಎಲ್ಲ ಸುದ್ದಿಯಲ್ಲೂ ಬರೋದು ಒಂದೇ ಮಾತು: ಸೈನ್ಯದ ಸಾಗಾಟ ಸುಲಭವಾಗುತ್ತೆ, ಪ್ರವಾಸಿಗಳು ಹೆಚ್ಚಾಗುತ್ತಾರೆ. ಎರಡೂ ಒಳಗೆ ಹೋಗುವ ಲೆಕ್ಕ. ಹೊರಗೆ ಬರುವ ಲೆಕ್ಕ ಎಲ್ಲಿ?

ಒಂದು ಉದಾಹರಣೆ. ಕಾರ್ಗಿಲ್, ಲೇಹ್‌ನ ಏಪ್ರಿಕಾಟ್ ಹಣ್ಣು ತಿಂದಿದ್ದೀರಾ? ಬೆಂಗಳೂರಿನ ಅಂಗಡಿಗಳಲ್ಲಿ ಒಣಗಿಸಿದ್ದು ಸಿಗುತ್ತೆ, ಅದರಲ್ಲಿ ಲಡಾಖಿನದ್ದು ಎಷ್ಟೋ. ಮರದಿಂದ ಕಿತ್ತು ತಿಂದರೆ ಜೇನಿನ ಹಾಗಿರುತ್ತೆ. ಬಿಳಿ ಬೀಜದ 'ರಕ್ತ್ಸೆ ಕರ್ಪೋ' ಅನ್ನುವ ತಳಿಗೆ 2022ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಜುಲೈ, ಆಗಸ್ಟಿನಲ್ಲಿ ಹಣ್ಣಾಗುತ್ತೆ, ಆಗ ಜೋಜಿ ಲಾ ತೆರೆದೇ ಇರುತ್ತೆ. ಆದರೂ ತಾಜಾ ಹಣ್ಣು ಇಷ್ಟು ವರ್ಷ ಹೊರಗೆ ಹೆಚ್ಚು ಬರಲಿಲ್ಲ ಯಾಕೆ? ಎರಡು ದಿನದಲ್ಲಿ ಮೆತ್ತಗಾಗುವ ಹಣ್ಣು, ಕೋಲ್ಡ್ ಸ್ಟೋರೇಜ್ ಇಲ್ಲ, ಘಾಟಿಯಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತೋ ಗೊತ್ತಿಲ್ಲ. ಇದರ ಮೇಲೆ ಕಾಡ್ಲಿಂಗ್ ಮಾತ್ ಅನ್ನುವ ಹುಳು ಕಾಶ್ಮೀರದ ಸೇಬಿನ ತೋಟಕ್ಕೆ ಇಳಿದೀತು ಅನ್ನುವ ಭಯದಿಂದ ಲಡಾಖಿನ ತಾಜಾ ಹಣ್ಣಿಗೆ ಬಹಳ ಕಾಲ ನಿರ್ಬಂಧ ಬೇರೆ. ಕಾಶ್ಮೀರದ ರೈತನ ಭಯವೂ ನ್ಯಾಯವೇ. ಆದರೆ ಹಣ್ಣು ಪರೀಕ್ಷೆ ಮಾಡಿ, ಶುದ್ಧ ಮಾಡಿ ಬಿಡುವ ಒಂದು ವ್ಯವಸ್ಥೆ ಕಾರ್ಗಿಲ್ಲಿನಲ್ಲೇ ಇದ್ದರೆ ಇಬ್ಬರೂ ಬದುಕುತ್ತಾರಲ್ಲ? ಬೆಟ್ಟ ಕೊರೆಯೋಕೆ ಸಾವಿರಾರು ಕೋಟಿ ಇರುವಾಗ ಒಂದು ಶೀತಲ ಗೋದಾಮು, ಒಂದು ಪರೀಕ್ಷಾ ಶಾಲೆ ದೊಡ್ಡದೇ?

ಪಶ್ಮೀನಾ ಕಥೆಯೂ ಹಾಗೇ. ಶತಮಾನಗಳಿಂದ ಲಡಾಖಿನ ಮೇಕೆ ಸಾಕುವವನಿಗೆ ಸಿಕ್ಕಿದ್ದು ಕಚ್ಚಾ ಉಣ್ಣೆಯ ದುಡ್ಡು. ಬೆಲೆ ಏರಿದ್ದೆಲ್ಲ ಘಾಟಿ ಇಳಿದ ಮೇಲೆ. ನೂಲು, ನೇಯ್ಗೆ ಸ್ವಲ್ಪವಾದರೂ ಅಲ್ಲೇ ಆದರೆ ಲಾರಿ ವಾಪಸ್ ಬರುವಾಗ ತೂಕ ಕಡಿಮೆ ಇದ್ದರೂ ಬೆಲೆ ತುಂಬಿರುತ್ತೆ.

ಇದಕ್ಕೆ ವಿರುದ್ಧವಾದ ಮಾತೂ ನನಗೆ ಗೊತ್ತು. ದಾರಿ ಸಲೀಸಾದರೆ ಹೊರಗಿನ ಅಗ್ಗದ ಮಾಲು ನುಗ್ಗಿ ಅಲ್ಲಿಯ ಸಣ್ಣ ರೈತನನ್ನು ಮುಗಿಸುತ್ತೆ, ಪ್ಲಾಸ್ಟಿಕ್ ತುಂಬುತ್ತೆ, ನೀರಿಲ್ಲದ ಊರಿಗೆ ಹೋಟೆಲು ತುಂಬುತ್ತೆ ಅಂತ. ಈ ಭಯ ಸುಳ್ಳಲ್ಲ. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಮದ್ದು ಬಾಗಿಲು ಮುಚ್ಚಿಡೋದಲ್ಲ. ಬಾಗಿಲಿನ ಒಳಗಿರುವವರಿಗೂ ಬಾಗಿಲ ಮೇಲೆ ಮಾತಿರಬೇಕು. ಎಷ್ಟು ಗಾಡಿ, ಯಾವ ತೆರಿಗೆ, ಎಲ್ಲಿ ಗೋದಾಮು ಅನ್ನೋದನ್ನು ದ್ರಾಸ್, ಕಾರ್ಗಿಲ್‌ನವರನ್ನೂ ಕೂರಿಸಿಕೊಂಡು ನಿರ್ಧರಿಸಬೇಕು.

ಮತ್ತೆ, ಸುರಂಗ ಬಂದರೆ ಮೇಲಿನ ಘಾಟಿ ಬೇಡ ಅನ್ನುವ ಮಾತು. ಒಂದೇ ಕೊಳವೆಯಲ್ಲಿ ಎರಡೂ ದಿಕ್ಕಿನ ವಾಹನ ಓಡುವ ಸುರಂಗ ಅದು. ಒಂದು ಅಪಘಾತ, ಒಂದು ಬೆಂಕಿ ಸಾಕು ಮುಚ್ಚೋಕೆ. ಹಳೆಯ ದಾರಿಯನ್ನು ಹಾಳು ಬಿಡೋದು, ಹೊಸ ನಲ್ಲಿ ಬಂತು ಅಂತ ಬಾವಿ ಮುಚ್ಚಿದ ಹಾಗೆ. ಬಾವಿ ಮುಚ್ಚಿ ಪಶ್ಚಾತ್ತಾಪ ಪಟ್ಟವರು ನಮ್ಮೂರಲ್ಲೇ ಎಷ್ಟೋ ಜನ ಇದ್ದಾರೆ.

ಇಷ್ಟನ್ನು ಗೆಳೆಯನಿಗೆ ಹೇಳೋಕೆ ಆಗಲಿಲ್ಲ, ಮಜ್ಜಿಗೆ ಮುಗಿದಿತ್ತು. ಅವನು ಇದನ್ನು ಓದುತ್ತಾನೆ ಅಂತ ಗೊತ್ತು. ಹಾಗಾಗಿ ಅವನಿಗೊಂದು ಪಂದ್ಯ. ಸುರಂಗ ಶುರುವಾದ ಮೊದಲ ಫೆಬ್ರವರಿಯಲ್ಲಿ ನಾವಿಬ್ಬರೂ ಹೋಗೋಣ. ಮಿನಾಮಾರ್ಗ್ ಕಡೆಯ ಬಾಯಲ್ಲಿ ನಿಂತು ಕಾಶ್ಮೀರದ ಕಡೆ ಹೊರಟ ಹತ್ತು ಲಾರಿ ನೋಡೋಣ. ಐದರಲ್ಲಾದರೂ ಲೋಡ್ ಇದ್ದರೆ ಸುರಂಗ ಗೆದ್ದಿದೆ ಅಂತ ನಾನೇ ಊಟ ಕೊಡಿಸ್ತೇನೆ. ಹತ್ತೂ ಖಾಲಿ ಇದ್ದರೆ ನಾವು ಬರೀ ಬಾಗಿಲಿನ ಬೀಗ ತೆಗೆದಿದ್ದೇವೆ, ಮನೆಯೊಳಗೆ ದೀಪ ಹಚ್ಚಿಲ್ಲ ಅಂತ ಅವನು ಒಪ್ಪಿಕೊಳ್ಳಬೇಕು.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗಿಬಂದವರಿದ್ದರೆ, ಸೈನ್ಯದಲ್ಲಿದ್ದು ಆ ದಾರಿ ದಾಟಿದವರು ಮನೆಯಲ್ಲಿದ್ದರೆ, ಒಂದೆರಡು ಸಾಲು ಬರೀರಿ. ನಾನು ತಪ್ಪು ಹೇಳಿದ್ದರೆ ಬೈದೇ ಬರೀರಿ, ಬೇಜಾರಿಲ್ಲ :-)